ಆಕ್ಟೇವಿಯಾ ವಿಆರ್‌ಎಸ್ ಕಾರಿಗೆ ಬೇರೆ ಎಕ್ಸಾಸ್ಟ್ (ಹೊಗೆ ಪೈಪು) ಹಾಕಿಸಬೇಕು ಅಂತಿದ್ದೇನೆ. ಸದ್ದು ಬರುತ್ತದೆ, ಪವರ್ ಬರುತ್ತದಾ?

ದೇವಿಮನೆ ತಿರುವು (ಶಿರಸಿ)

ಎಲ್ಲರಿಗೂ ನಮಸ್ಕಾರ. ಹೋದ ದೀಪಾವಳಿಗೆ ನನ್ನ ಬಹಳ ವರ್ಷದ ಆಸೆ ತೀರಿತು. 2017ರ ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್ 230 ಸೆಕೆಂಡ್ ಹ್ಯಾಂಡ್ ಸಿಕ್ಕಿತು. ಎರಡು ಲೀಟರ್ ಟರ್ಬೊ ಪೆಟ್ರೋಲ್, 230 ಪಿಎಸ್ ಪವರ್, 350 ಎನ್‌ಎಂ ಟಾರ್ಕ್, ಆರು ಗೇರಿನ ಡಿಎಸ್‌ಜಿ ಆಟೊಮ್ಯಾಟಿಕ್. ಅಡಿಕೆಗೆ ಒಳ್ಳೆ ರೇಟು ಬಂದ ವರ್ಷ ಕೂಡಿಟ್ಟ ದುಡ್ಡು. ಮನೆಯಲ್ಲಿ ಎಲ್ಲರೂ ಅಷ್ಟಕ್ಕೆ ಏಳು ಸೀಟಿನ ಗಾಡಿ ಬರುತ್ತಿತ್ತು ಅಂದರು. ನನಗೆ ಇದೇ ಬೇಕಿತ್ತು.

ವಾರಕ್ಕೊಮ್ಮೆ ಕುಮಟೆಗೆ ಇಳಿಯುವ ಕೆಲಸ ಇರುತ್ತದೆ. ವಾಪಸ್ ಬರುವಾಗ ದೇವಿಮನೆ ಘಾಟಿಯಲ್ಲಿ ಕಿಟಕಿ ಇಳಿಸಿ ಮೂರನೇ ಗೇರಿನಲ್ಲಿ ಹತ್ತಿಸುತ್ತೇನೆ. ಇಂಜಿನ್ನಿನ ಸದ್ದು ಬದಿಯ ಗುಡ್ಡಕ್ಕೆ ತಾಗಿ ತಿರುಗಿ ಬರುತ್ತದೆ. ಆ ಹತ್ತು ನಿಮಿಷಕ್ಕೋಸ್ಕರ ಇಡೀ ವಾರ ಕಾಯುತ್ತೇನೆ ಅಂದರೆ ಸುಳ್ಳಲ್ಲ. ಆ ಸದ್ದು ಇನ್ನೂ ಸ್ವಲ್ಪ ತುಂಬಿಕೊಂಡು ಬಂದರೆ ಎಷ್ಟು ಚೆಂದ ಅನ್ನಿಸುತ್ತದೆ. ಜೊತೆಗೆ ಪಿಕಪ್ ಕೂಡ ಜಾಸ್ತಿ ಆದರೆ ಬೇಡ ಅನ್ನುತ್ತೇನಾ?

ಮೂರು ಕಡೆ ಕೇಳಿದೆ. ಮೂವರೂ ಬೇರೆ ಬೇರೆ ಹೇಳಿದರು. ಒಬ್ಬರು ಕ್ಯಾಟ್ (ಹೊಗೆ ಶುದ್ಧ ಮಾಡುವ ಡಬ್ಬಿ) ಆದಮೇಲಿನ ಪೂರ್ತಿ ಲೈನ್ ತೆಗೆದು ಮೂರು ಇಂಚಿನ ಸ್ಟೀಲ್ ಪೈಪ್ ಹಾಕೋಣ ಅಂದರು. ಇನ್ನೊಬ್ಬರು ಡೌನ್‌ಪೈಪ್ ಬದಲಿಸಿ, ಕ್ಯಾಟ್ ತೆಗೆದು, ರೀಮ್ಯಾಪ್ (ಇಂಜಿನ್ನಿನ ಸಾಫ್ಟ್‌ವೇರ್ ಬದಲಾವಣೆ) ಮಾಡಿದರೆ 290 ಪಿಎಸ್ ಆಚೀಚೆ ಬರುತ್ತದೆ ಅಂದರು. ಮೂರನೆಯವರು ಹಿಂದಿನ ಸೈಲೆನ್ಸರ್ ಕತ್ತರಿಸಿ ನೇರ ಪೈಪ್ ವೆಲ್ಡ್ ಮಾಡಿದರೆ ಅರ್ಧ ಗಂಟೆ ಕೆಲಸ, ಸಾವಿರ ಚಿಲ್ಲರೆ ಅಂದರು. ಎಲ್ಲರೂ "ಪವರ್ ಬಂದೇ ಬರುತ್ತದೆ" ಅಂತ ಸೇರಿಸಿದರು. ಹೇಗೆ ಬರುತ್ತದೆ ಅಂತ ಮಾತ್ರ ಯಾರೂ ಬಿಡಿಸಿ ಹೇಳಲಿಲ್ಲ.

ಇನ್ನೊಂದು ಸಣ್ಣ ವಿಷಯ. ಹೆದ್ದಾರಿ 66ರಲ್ಲಿ ಕಾರವಾರದ ಕಡೆ ಹೋಗುವಾಗ 2,200 ಆರ್‌ಪಿಎಂ ಹತ್ತಿರ ಗಾಡಿಯೊಳಗೆ ಗುಂಯ್ ಅಂತ ಒಂದು ಸದ್ದು ಬರುತ್ತದೆ. ಕಿವಿ ಒತ್ತಿದ ಹಾಗೆ. ಹಿಂದೆ ಕೂತ ಮಗಳು ತಲೆನೋವು ಅನ್ನುತ್ತಾಳೆ. ಟೈರಿನದ್ದಿರಬೇಕು. ಹೊಸ ಟೈರು ಹಾಕಿಸಿದ ಮೇಲೆ ನೋಡುತ್ತೇನೆ.

ಗೊತ್ತಿದ್ದವರು ತಿಳಿಸಿ.

ಬಿಣಗಾ 30

ಅಣ್ಣಾ, ವಿಆರ್‌ಎಸ್ ಅಂದರೆ ನನ್ನ ಕನಸಿನ ಗಾಡಿ. ನನ್ನದು ಐ20 ಎನ್ ಲೈನ್, 1.0 ಟರ್ಬೊ. ಆರು ತಿಂಗಳ ಹಿಂದೆ ಹಿಂದಿನ ಸೈಲೆನ್ಸರ್ ತೆಗೆಸಿದೆ. ಕಾರವಾರದ ಸುರಂಗದೊಳಗೆ ಒಮ್ಮೆ ಎರಡನೇ ಗೇರಿಗೆ ಇಳಿಸಿ ನೋಡಿ, ಮೈ ಜುಂ ಅನ್ನುತ್ತದೆ. ಪಿಕಪ್ ಕೂಡ ಜಾಸ್ತಿ ಆಗಿದೆ. ಮೊದಲು ಕಾಲಿಟ್ಟರೆ ಸ್ವಲ್ಪ ಯೋಚಿಸುತ್ತಿತ್ತು, ಈಗ ತಕ್ಷಣ ಎಳೆಯುತ್ತದೆ. ನನಗಂತೂ ಖುಷಿ. ಮೂರನೆಯವರು ಹೇಳಿದ್ದೇ ಮಾಡಿಸಿ, ದುಡ್ಡೂ ಉಳಿಯುತ್ತದೆ.

ಅಂಕೋಲಾ ಗ್ಯಾರೇಜ್

ಇಪ್ಪತ್ತೆರಡು ವರ್ಷದಿಂದ ಗಾಡಿ ಕೆಳಗೆ ಮಲಗಿ ಕೆಲಸ ಮಾಡುತ್ತಿದ್ದೇನೆ. ಎಕ್ಸಾಸ್ಟ್ ಕೆಲಸವೇ ಜಾಸ್ತಿ. ಸ್ವಲ್ಪ ಉದ್ದ ಆಗುತ್ತದೆ, ತಾಳ್ಮೆಯಿಂದ ಓದಿ.

ಮೊದಲು ಸದ್ದಿನ ವಿಷಯ. ನಾಲ್ಕು ಸಿಲಿಂಡರ್ ಇಂಜಿನ್ ಎರಡು ಸುತ್ತು ತಿರುಗುವಷ್ಟರಲ್ಲಿ ನಾಲ್ಕು ಸಲ ಉರಿಯುತ್ತದೆ. ಅಂದರೆ 3,000 ಆರ್‌ಪಿಎಂನಲ್ಲಿ ಸೆಕೆಂಡಿಗೆ 100 ಸಲ ಹೊಗೆಯ ಒಂದೊಂದು ಏಟು ಪೈಪಿಗೆ ಬೀಳುತ್ತದೆ. ಬಿಣಗಾ ತಮ್ಮನ ಗಾಡಿಗೆ ಮೂರೇ ಸಿಲಿಂಡರ್, ಅದೇ ಆರ್‌ಪಿಎಂನಲ್ಲಿ 75 ಸಲ. ಆ ಏಟಿನ ಲೆಕ್ಕವೇ ಗಾಡಿಯ ಮೂಲ ದನಿ. ಅದು ಇಂಜಿನ್ನಿನದು, ಪೈಪಿನದ್ದಲ್ಲ. ಎಷ್ಟು ಖರ್ಚು ಮಾಡಿದರೂ ನಾಲ್ಕು ಸಿಲಿಂಡರಿನ ಗಾಡಿ ಆರು ಸಿಲಿಂಡರಿನ ಹಾಗೆ ಹಾಡುವುದಿಲ್ಲ. ಆ ಮೂಲ ದನಿಯ ಮೇಲೆ ಬರುವ ಸಣ್ಣ ದನಿಗಳಲ್ಲಿ ಯಾವುದನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಅನ್ನುವುದಷ್ಟೇ ಪೈಪು, ಡಬ್ಬಿಗಳ ಕೆಲಸ.

ನಿಮ್ಮ ಗಾಡಿಯಲ್ಲಿ ಮುಂದಿನಿಂದ ಹಿಂದಕ್ಕೆ ನೋಡುತ್ತಾ ಹೋಗಿ. ಮೊದಲು ಟರ್ಬೊ, ಹೊಗೆಯ ರಭಸಕ್ಕೆ ತಿರುಗಿ ಇಂಜಿನ್ನಿಗೆ ಗಾಳಿ ತುಂಬುವ ಯಂತ್ರ. ಅದರ ಚಕ್ರ ತಿರುಗುವಾಗಲೇ ಏಟುಗಳ ಚೂಪು ಹೋಗುತ್ತದೆ. ಅದಕ್ಕೇ ಟರ್ಬೊ ಗಾಡಿಗಳು ಹುಟ್ಟಿನಿಂದಲೇ ಸ್ವಲ್ಪ ಮೆತ್ತಗೆ. ಆಮೇಲೆ ಕ್ಯಾಟಲಿಟಿಕ್ ಕನ್ವರ್ಟರ್. ಅದರೊಳಗಿನ ಜೇನುಗೂಡಿನಂಥ ತೂತುಗಳು ಹೊಗೆ ಶುದ್ಧ ಮಾಡುವುದರ ಜೊತೆ ಕರಕರ ಅನ್ನುವ ದನಿಯನ್ನೂ ಕಮ್ಮಿ ಮಾಡುತ್ತವೆ. ನಡುವೆ ರೆಸೊನೇಟರ್, ಬೇಡದ ಶ್ರುತಿಯ ದನಿಯನ್ನು ತಗ್ಗಿಸುವ ಡಬ್ಬಿ. ಕೊನೆಗೆ ಸೈಲೆನ್ಸರ್. ಸೈಲೆನ್ಸರಿನಲ್ಲಿ ಎರಡು ಜಾತಿ. ಒಂದರಲ್ಲಿ ಒಳಗೆ ಕೋಣೆಗಳಿರುತ್ತವೆ. ದನಿ ಗೋಡೆಗೆ ಬಡಿದು ತಿರುಗಿ, ಎದುರು ಬರುವ ದನಿಯನ್ನು ತಾನೇ ಅಳಿಸುತ್ತದೆ. ಇನ್ನೊಂದರಲ್ಲಿ ತೂತಿನ ಪೈಪು ನೇರವಾಗಿ ಹೋಗುತ್ತದೆ, ಸುತ್ತ ಗಾಜಿನ ಉಣ್ಣೆ ತುಂಬಿರುತ್ತದೆ. ದನಿ ಅದರೊಳಗೆ ಹೋಗಿ ಬಿಸಿಯಾಗಿ ಕರಗುತ್ತದೆ. ಮೊದಲನೆಯದು ತಗ್ಗು ದನಿಗೆ ಒಳ್ಳೆಯದು. ಎರಡನೆಯದು ಮೇಲಿನ ದನಿಗೆ ಒಳ್ಳೆಯದು, ಹೊಗೆಗೆ ತಡೆಯೂ ಕಮ್ಮಿ.

ಈಗ ಪವರ್. "ಇಂಜಿನ್ನಿಗೆ ಬ್ಯಾಕ್ ಪ್ರೆಶರ್ ಬೇಕೇ ಬೇಕು" ಅಂತ ನಮ್ಮ ಕಸುಬಿನವರೇ ಹೇಳುತ್ತಾರೆ. ಅದು ತಪ್ಪು. ಹೊಗೆಯನ್ನು ತಡೆದು ಯಾವ ಇಂಜಿನ್ನಿಗೂ ಲಾಭ ಇಲ್ಲ. ಬೇಕಾದ್ದು ಹೊಗೆಯ ವೇಗ. ಟರ್ಬೊ ಇಲ್ಲದ ಗಾಡಿಯಲ್ಲಿ ಒಂದು ಸಿಲಿಂಡರಿನಿಂದ ಹೊಗೆ ಜೋರಾಗಿ ಓಡಿದರೆ ಅದರ ಬೆನ್ನ ಹಿಂದೆ ಒತ್ತಡ ಕುಸಿಯುತ್ತದೆ. ಆ ಸೆಳೆತಕ್ಕೆ ಸಿಲಿಂಡರ್ ಚೆನ್ನಾಗಿ ಖಾಲಿಯಾಗುತ್ತದೆ. ಪೈಪು ಬಹಳ ದಪ್ಪ ಮಾಡಿದರೆ ವೇಗ ಕುಂದುತ್ತದೆ, ಸೆಳೆತ ಹೋಗುತ್ತದೆ. ಎರಡೂವರೆ ಇಂಚಿನಿಂದ ಮೂರು ಇಂಚಿಗೆ ಹೋದರೆ ಅರ್ಧ ಇಂಚು ತಾನೇ ಅನ್ನಿಸುತ್ತದೆ, ಒಳಗಿನ ಜಾಗ ಶೇ 44ರಷ್ಟು ಹೆಚ್ಚಾಗುತ್ತದೆ. ಸಣ್ಣ ಇಂಜಿನ್ನಿಗೆ ದೊಡ್ಡ ಪೈಪು ಹಾಕಿದವರು "ಕೆಳಗೆ ಎಳೆಯುವುದೇ ಇಲ್ಲ" ಅನ್ನುವುದು ಇದಕ್ಕೇ. ಅವರು ಕಳೆದುಕೊಂಡದ್ದು ಬ್ಯಾಕ್ ಪ್ರೆಶರ್ ಅಲ್ಲ, ವೇಗ.

ಟರ್ಬೊ ಗಾಡಿಯ ಲೆಕ್ಕ ಬೇರೆ. ಅಲ್ಲಿ ಟರ್ಬೊ ಚಕ್ರದ ಮುಂದೆ ಒತ್ತಡ ಜಾಸ್ತಿ, ಹಿಂದೆ ಕಮ್ಮಿ ಇದ್ದಷ್ಟೂ ಒಳ್ಳೆಯದು. ಹಾಗಾಗಿ ಟರ್ಬೊ ಆದಮೇಲೆ ಪೈಪು ಸಲೀಸಾಗಿದ್ದರೆ ಲಾಭ ಇದೆ. ಎಲ್ಲಿ ಹೆಚ್ಚು ಲಾಭ? ಟರ್ಬೊಗೆ ಅಂಟಿಕೊಂಡಿರುವ ಡೌನ್‌ಪೈಪ್‌ನಲ್ಲಿ. ಹಿಂದೆ ಹೋದ ಹಾಗೆ ಹೊಗೆ ತಣ್ಣಗಾಗಿ ಕುಗ್ಗುತ್ತದೆ, ಅಲ್ಲಿ ತಡೆಯೂ ಕಮ್ಮಿ. ಕೊನೆಯ ಡಬ್ಬಿ ತೆಗೆದರೆ ಸದ್ದಿನಲ್ಲಿ ಎಷ್ಟು ದೊಡ್ಡ ಬದಲಾವಣೆಯೋ ಪವರಿನಲ್ಲಿ ಅಷ್ಟು ಸಣ್ಣದು.

ಡೌನ್‌ಪೈಪ್ ಹಾಕಿದರೂ ಸುಮ್ನೆ ಪವರ್ ಬರುವುದಿಲ್ಲ. ಎಷ್ಟು ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಇರಬೇಕು ಅಂತ ಇಂಜಿನ್ನಿನ ಕಂಪ್ಯೂಟರ್ ಇಸಿಯು ಒಳಗೆ ಬರೆದಿಟ್ಟಿರುತ್ತಾರೆ. ಹೊಗೆ ಸಲೀಸಾಗಿ ಹೋಗತೊಡಗಿದರೆ ಅದು ವೇಸ್ಟ್‌ಗೇಟ್ (ಹೊಗೆಯನ್ನು ಟರ್ಬೊ ತಪ್ಪಿಸಿ ಬಿಡುವ ಬಾಗಿಲು) ತೆರೆದು ಬೂಸ್ಟನ್ನು ಮೊದಲಿನ ಮಟ್ಟದಲ್ಲೇ ಹಿಡಿಯುತ್ತದೆ. ರೀಮ್ಯಾಪ್ ಮಾಡಿದರೆ ಮಾತ್ರ ಪೈಪಿನ ಲಾಭ ಪೂರ್ತಿ ಸಿಗುತ್ತದೆ. ನಿಮಗೆ ಹೇಳಿದ 290ರಲ್ಲಿ ಹೆಚ್ಚಿನ ಪಾಲು ಆ ಸಾಫ್ಟ್‌ವೇರಿನದು. ಪೈಪಿನದು ಕಮ್ಮಿ.

ಇನ್ನೊಂದು ಮಾತು. ಯಾರಾದರೂ ನಿಮ್ಮ ಗಾಡಿಗೆ ಹೆಡರ್ (ಸಿಲಿಂಡರುಗಳ ಹೊಗೆ ಕೂಡಿಸುವ ಮೊದಲ ಪೈಪು, ಅದೇ ಮ್ಯಾನಿಫೋಲ್ಡ್) ಬದಲಿಸೋಣ ಅಂದರೆ ಅಲ್ಲಿಂದ ಎದ್ದು ಬನ್ನಿ. ನಿಮ್ಮ ಇಎ888 ಮೂರನೇ ಪೀಳಿಗೆಯ ಇಂಜಿನ್ನಿನಲ್ಲಿ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಸಿಲಿಂಡರ್ ಹೆಡ್ಡಿನೊಳಗೇ ಎರಕವಾಗಿ ಬಂದಿದೆ. ಸುತ್ತ ಕೂಲೆಂಟ್ ಓಡುತ್ತದೆ. ಬಿಚ್ಚಿ ಬದಲಿಸಲು ಅಲ್ಲಿ ಏನೂ ಇಲ್ಲ.

ಕೊನೆಗೆ ಆ ಗುಂಯ್ ಸದ್ದು. ಅದು ಟೈರಿನದ್ದಲ್ಲ ಅಂತ ನನ್ನ ಅಂದಾಜು. ನೋಡುವುದು ಸುಲಭ. ಆ ಸದ್ದು ಬರುವ ಸ್ಪೀಡಿನಲ್ಲೇ ಹೋಗುತ್ತಾ ಆರನೇ ಗೇರಿನಿಂದ ಐದಕ್ಕೆ ಇಳಿಸಿ. ಟೈರಿನದಾದರೆ ಸದ್ದು ಹಾಗೇ ಇರುತ್ತದೆ, ಸ್ಪೀಡ್ ಬದಲಾಗಿಲ್ಲ ಅಲ್ವಾ? ಹೋದರೆ ಎಕ್ಸಾಸ್ಟಿನದು. ಹೊಸ ಟೈರಿಗೆ ದುಡ್ಡು ಹಾಕುವ ಮೊದಲು ಇದನ್ನು ಮಾಡಿ.

ದೇವಿಮನೆ ತಿರುವು

ಅಣ್ಣಾ, ಇಷ್ಟು ಬಿಡಿಸಿ ಹೇಳಿದವರು ನೀವೊಬ್ಬರೇ. ಇವತ್ತು ಬೆಳಿಗ್ಗೆ ಕುಮಟೆಯಿಂದ ಅಂಕೋಲಾ ಕಡೆ ಹೋಗುವಾಗ ನೋಡಿದೆ. ಐದನೇ ಗೇರಿಗೆ ಇಳಿಸಿದ ಕೂಡಲೇ ಸದ್ದು ಮಾಯ. ಆರಕ್ಕೆ ಹಾಕಿದರೆ ಮತ್ತೆ ಹಾಜರು. ಹಾಗಾದರೆ ಟೈರಿನದ್ದಲ್ಲ. ಆದರೆ ನಾನು ಇನ್ನೂ ಏನೂ ಮಾಡಿಸಿಲ್ಲವಲ್ಲ, ಎಕ್ಸಾಸ್ಟಿನಲ್ಲಿ ಯಾಕೆ ಬರಬೇಕು?

ಮದ್ದಳೆ ಮನೆ (ಹೊನ್ನಾವರ)

ಈ ಸದ್ದಿನ ವಿಷಯದಲ್ಲಿ ನಾನು ಎರಡು ವರ್ಷ ತಲೆ ಕೆಡಿಸಿಕೊಂಡವನು. ಲಿನಿಯಾ ಟಿ-ಜೆಟ್ ಇದೆ ನನ್ನ ಹತ್ತಿರ. ಹವ್ಯಾಸಕ್ಕೆ ಯಕ್ಷಗಾನ ಮೇಳದಲ್ಲಿ ಮದ್ದಳೆ ಬಾರಿಸುತ್ತೇನೆ. ಹಾಗಾಗಿ ನನಗೆ ತಿಳಿಯುವ ಭಾಷೆಯಲ್ಲಿ ಹೇಳುತ್ತೇನೆ.

ಚಂಡೆ ದೊಡ್ಡ ಸದ್ದು. ಮೂರು ಹೊಲದಾಚೆ ಕೇಳುತ್ತದೆ. ಮದ್ದಳೆ ಅಷ್ಟು ದೂರ ಹೋಗುವುದಿಲ್ಲ. ಆದರೆ ಭಾಗವತರ ಶ್ರುತಿಗೆ ಕೂಡುವುದು ಮದ್ದಳೆ. ಬಲಗಡೆಯ ಕರಣೆಯ (ಚರ್ಮದ ಮೇಲಿನ ಕಪ್ಪು ಲೇಪ) ದಪ್ಪ ಒಂದು ಕೂದಲಿನಷ್ಟು ಹೆಚ್ಚುಕಮ್ಮಿ ಆದರೂ ನಾದ ಕೆಡುತ್ತದೆ. ಗಾಡಿಯಲ್ಲೂ ನಾವು ಬಯಸುವುದು ನಾದ. ಅಂಗಡಿಯಲ್ಲಿ ಸಿಗುವುದು ಬರೀ ಜೋರು. ಎರಡಕ್ಕೂ ಒಂದೇ ಹೆಸರಿಟ್ಟು ಮಾರುತ್ತಾರೆ. ನಾನು ಮೋಸ ಹೋದದ್ದು ಅಲ್ಲೇ.

ನನ್ನ ಗಾಡಿಗೆ ಹಾಕಿಸಿದ ನೇರ ಸೈಲೆನ್ಸರ್ ನಿಂತಲ್ಲಿ ಕೇಳಲು ಬಹಳ ಚೆಂದ ಇತ್ತು. ಅಂಗಳದಲ್ಲಿ ಎಲ್ಲರೂ ಮೆಚ್ಚಿದರು. ಹೆದ್ದಾರಿಗೆ ಹೋದ ಮೇಲೆ ಗೊತ್ತಾಯಿತು. ಒಂದೇ ಆರ್‌ಪಿಎಂನಲ್ಲಿ ಗಂಟೆಗಟ್ಟಲೆ ಹೋಗುವಾಗ ಪೈಪಿನ ತಗ್ಗು ದನಿಯೂ ಗಾಡಿಯ ಒಳಗಿನ ಗಾಳಿಯೂ ಒಂದೇ ಶ್ರುತಿಗೆ ಬಂದು ಕೂರುತ್ತವೆ. ಆಗ ಹುಟ್ಟುವುದೇ ಆ ಗುಂಯ್. ಡ್ರೋನ್ ಅನ್ನುತ್ತಾರೆ. ಹೊನ್ನಾವರದಿಂದ ಉಡುಪಿಗೆ ಹೋಗಿ ಇಳಿದರೆ ಒಂದು ಗಂಟೆ ಯಾರ ಜೊತೆಯೂ ಮಾತು ಬೇಡ ಅನ್ನಿಸುತ್ತಿತ್ತು. ಹೆಂಡತಿ ಆ ಗಾಡಿ ಹತ್ತುವುದನ್ನೇ ಬಿಟ್ಟಳು.

ಮಗಳಿಗೆ ತಲೆನೋವು ಬರುತ್ತದೆ ಅಂದಿರಲ್ಲ, ಅದನ್ನು ಹಗುರ ಮಾಡಬೇಡಿ. ನಿಮ್ಮ ಗಾಡಿಯ ಲೆಕ್ಕ ಹಾಕಿದೆ. ನಾಲ್ಕು ಸಿಲಿಂಡರ್, 2,200 ಆರ್‌ಪಿಎಂ ಅಂದರೆ ಸುಮಾರು 73 ಹರ್ಟ್ಜ್. ಈ ಒಂದು ದನಿಯನ್ನು ಮಾತ್ರ ಕೊಲ್ಲುವ ಉಪಾಯ ಇದೆ. ಮುಖ್ಯ ಪೈಪಿಗೆ ಬದಿಯಲ್ಲಿ ಒಂದು ಕವಲು ಪೈಪು ಬೆಸೆದು, ಅದರ ಆ ತುದಿಯನ್ನು ಮುಚ್ಚಬೇಕು. ಉದ್ದ ಆ ದನಿಯ ಅಲೆಯ ಕಾಲು ಭಾಗ. ದನಿ ಒಳಗೆ ಹೋಗಿ, ಮುಚ್ಚಿದ ತುದಿಗೆ ತಾಗಿ ತಿರುಗಿ ಬರುವಾಗ ತಲೆಕೆಳಗಾಗಿ ಬರುತ್ತದೆ. ಎದುರಿನದನ್ನು ಅಳಿಸುತ್ತದೆ. ಹೊಗೆಗೆ ಯಾವ ತಡೆಯೂ ಇಲ್ಲ.

ಉದ್ದ ಹೇಗೆ? ಬಿಸಿ ಹೊಗೆಯಲ್ಲಿ ದನಿ ಜೋರಾಗಿ ಓಡುತ್ತದೆ. 250 ಡಿಗ್ರಿ ಬಿಸಿಯಲ್ಲಿ ಸೆಕೆಂಡಿಗೆ 460 ಮೀಟರ್ ಹತ್ತಿರ. ಅದನ್ನು 73ರಿಂದ ಭಾಗಿಸಿ, ಮತ್ತೆ ನಾಲ್ಕರಿಂದ ಭಾಗಿಸಿದರೆ ಒಂದೂವರೆ ಮೀಟರಿಗಿಂತ ಸ್ವಲ್ಪ ಜಾಸ್ತಿ. ಅಷ್ಟು ಉದ್ದದ ಪೈಪಿಗೆ ಗಾಡಿ ಕೆಳಗೆ ಜಾಗ ಹುಡುಕುವುದೇ ಕಷ್ಟ. ನನಗೆ ಮಾಡಿಕೊಟ್ಟವರು ಮೂರು ಸಲ ಕತ್ತರಿಸಿ ಮೂರು ಸಲ ಬೆಸೆದರು. ಕೊನೆಗೆ ಡ್ರೋನ್ ಹೋಯಿತು. ಆದರೆ ಕಂಪನಿಯ ರೆಸೊನೇಟರ್ ಇದ್ದಾಗ ಈ ಕೆಲಸವೇ ಬೇಕಿರಲಿಲ್ಲ. ಅದು ಕೂತಿರುವುದೇ ಇದಕ್ಕೆ.

ನಿಮ್ಮ ಗಾಡಿ ಸೆಕೆಂಡ್ ಹ್ಯಾಂಡ್ ಅಂದಿರಿ. ಹಿಂದಿನವರು ಏನು ಮಾಡಿಸಿದ್ದಾರೆ ಅಂತ ಕೆಳಗೆ ಬಗ್ಗಿ ನೋಡಿದ್ದೀರಾ?

ಕುಮಟಾ ರಾತ್ರಿ ಪಾಳಿ

ನಾನು ಗಾಡಿಯ ಬಗ್ಗೆ ತಿಳಿದವಳಲ್ಲ. ತಮ್ಮ ತೋರಿಸಿದ, ಅದಕ್ಕೇ ಬರೆಯುತ್ತಿದ್ದೇನೆ. ಹೆದ್ದಾರಿ ಹತ್ತಿರದ ಆಸ್ಪತ್ರೆಯಲ್ಲಿ ನರ್ಸ್. ವಾರದಲ್ಲಿ ನಾಲ್ಕು ರಾತ್ರಿ ಡ್ಯೂಟಿ.

ರಾತ್ರಿ ಎರಡು ಗಂಟೆಗೆ ಒಂದು ಗಾಡಿ ಹೋಗುತ್ತದೆ. ಯಾವುದು ಅಂತ ಗೊತ್ತಿಲ್ಲ. ಅದು ಹೋದ ಮೇಲೆ ಹೆರಿಗೆ ವಾರ್ಡಿನಲ್ಲಿ ಒಂದು ಕೂಸು ಬೆಚ್ಚಿ ಅಳುತ್ತದೆ, ಅದಕ್ಕೆ ಇನ್ನೊಂದು, ಆಮೇಲೆ ಎಲ್ಲವೂ. ಸಿಸೇರಿಯನ್ ಆದ ತಾಯಂದಿರು ಆಗಷ್ಟೇ ಕಣ್ಣು ಮುಚ್ಚಿರುತ್ತಾರೆ. ಅವರನ್ನು ಎಬ್ಬಿಸಿ ಕೂರಿಸಿ, ಕೂಸಿಗೆ ಹಾಲು ಹಿಡಿಸಿ, ಮತ್ತೆ ಮಲಗಿಸುವಷ್ಟರಲ್ಲಿ ಒಂದು ತಾಸು. ಗಾಡಿಯವರಿಗೆ ಅದು ಹತ್ತು ಸೆಕೆಂಡಿನ ಖುಷಿ.

ಆಸ್ಪತ್ರೆಯ ಸುತ್ತ ನೂರು ಮೀಟರನ್ನು ಸರಕಾರ ಮೌನ ವಲಯ ಅಂತ ಘೋಷಿಸಬಹುದು ಅಂತ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದಲ್ಲೇ ಇದೆ. ಅಂಥ ವಲಯದಲ್ಲಿ ರಾತ್ರಿ 40 ಡೆಸಿಬೆಲ್ ಮಿತಿ. ನೀವೆಲ್ಲ ಇಷ್ಟು ತಿಳಿದವರು, ಇಷ್ಟು ಪ್ರೀತಿಯಿಂದ ಗಾಡಿ ಇಟ್ಟುಕೊಂಡವರು. ಏನು ಬೇಕಾದರೂ ಹಾಕಿಸಿ, ನಮ್ಮ ಕಿಟಕಿ ಕೆಳಗೆ ಮಾತ್ರ ಮೆಲ್ಲ ಹೋಗಿ.

ಬಿಣಗಾ 30

ಅಕ್ಕಾ, ಆ ಗಾಡಿ ನನ್ನದಲ್ಲ, ಕುಮಟೆಗೆ ನಾನು ಬರುವುದು ಅಪರೂಪ. ಆದರೆ ನಮ್ಮ ಬಿಣಗಾದಲ್ಲೂ ಮನೆಗಳು ರಸ್ತೆಗೆ ತಾಗಿಯೇ ಇವೆ. ನಾನು ರಾತ್ರಿ ಕೆಲಸ ಮುಗಿಸಿ ಬರುವುದು ಹನ್ನೊಂದರ ಮೇಲೆ. ಇದನ್ನು ಹೀಗೆ ಯೋಚಿಸಿರಲಿಲ್ಲ. ಕ್ಷಮಿಸಿ.

ಸದಾಶಿವಗಡ ಗಾಳಿ (ಕಾರವಾರ)

ಪವರ್, ಸದ್ದು ಎಲ್ಲ ಆಯಿತು. ನಮ್ಮ ಕರಾವಳಿಯವರಿಗೆ ಮೂರನೇ ಪ್ರಶ್ನೆ ಇದೆ: ಎಷ್ಟು ಮಳೆಗಾಲ ತಡೆಯುತ್ತದೆ?

ನನ್ನ ಮನೆಯಿಂದ ಸಮುದ್ರ ಕಾಣುತ್ತದೆ. ನಾಲ್ಕು ವರ್ಷದ ಹಿಂದೆ ಒಂದು ಕಡೆ ಸ್ಟೀಲ್ ಪೈಪ್ ಅಂತ ಹಾಕಿಸಿದೆ. ಎರಡನೇ ಮಳೆಗಾಲ ಮುಗಿಯುವಾಗ ವೆಲ್ಡಿಂಗ್ ಜಾಗದಲ್ಲಿ ಬೆರಳು ಹೋಗುವಷ್ಟು ತೂತು. ಸ್ಟೀಲಿನಲ್ಲೂ ಜಾತಿ ಇದೆ. ಕಂಪನಿ ಪೈಪುಗಳು ಹೆಚ್ಚಾಗಿ 409 ಜಾತಿಯವು, ಕ್ರೋಮಿಯಂ ಶೇ 11ರಷ್ಟು. ಹೊರಗೆ ಕಂದು ತುಕ್ಕು ಕಾಣುತ್ತದೆ, ಆದರೆ ತೂತಾಗಲು ಬಹಳ ವರ್ಷ ಬೇಕು. 304ರಲ್ಲಿ ಕ್ರೋಮಿಯಂ ಶೇ 18, ನಿಕ್ಕಲ್ ಶೇ 8. ಹೊಳಪು ಉಳಿಯುತ್ತದೆ. ಹಾಕಿಸುವಾಗ ಒಂದು ಅಯಸ್ಕಾಂತ ಜೇಬಿನಲ್ಲಿ ಇಟ್ಟುಕೊಂಡು ಹೋಗಿ. 304 ಪೈಪಿಗೆ ಅಯಸ್ಕಾಂತ ಗಟ್ಟಿಯಾಗಿ ಕಚ್ಚುವುದಿಲ್ಲ. 409ಕ್ಕೂ ಸಾದಾ ಕಬ್ಬಿಣಕ್ಕೂ ಕಚ್ಚುತ್ತದೆ. ನನಗೆ 304ರ ದುಡ್ಡು ತೆಗೆದುಕೊಂಡು ಕೊಟ್ಟದ್ದು ಅಲ್ಲ ಅಂತ ಗೊತ್ತಾದದ್ದು ಹೀಗೆ, ಎಲ್ಲ ಮುಗಿದ ಮೇಲೆ.

ತುಕ್ಕು ಬರುವುದು ಬರೀ ಉಪ್ಪುಗಾಳಿಯಿಂದ ಅಂದುಕೊಳ್ಳಬೇಡಿ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಮ್ಮಿ ಒಂದು ಲೀಟರ್ ನೀರು ಹುಟ್ಟುತ್ತದೆ. ಗಾಡಿ ಬಿಸಿ ಇದ್ದರೆ ಆವಿಯಾಗಿ ಹೋಗುತ್ತದೆ. ಮನೆಯಿಂದ ಮೀನು ಮಾರ್ಕೆಟ್, ಮಾರ್ಕೆಟಿನಿಂದ ಮನೆ ಅಂತ ಎರಡೆರಡು ಕಿಲೋಮೀಟರ್ ಓಡಿಸಿದರೆ ಸೈಲೆನ್ಸರ್ ಬಿಸಿಯೇ ಆಗುವುದಿಲ್ಲ. ನೀರು ಒಳಗೆ ನಿಂತು ಒಳಗಿನಿಂದ ತಿನ್ನುತ್ತದೆ. ಕಂಪನಿ ಸೈಲೆನ್ಸರಿನ ಕೆಳಗೆ ಸಣ್ಣ ತೂತು ಇರುವುದು ಆ ನೀರು ಇಳಿಯಲಿಕ್ಕೆ. ತೂತು ಬಿದ್ದಿದೆ ಅಂತ ಬೆಸೆದು ಮುಚ್ಚಿಸಿದವರನ್ನು ನೋಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ. ಗಾಜಿನ ಉಣ್ಣೆಯ ಡಬ್ಬಿಗೆ ನೀರು ಹೊಕ್ಕರೆ ಉಣ್ಣೆ ಕಟ್ಟಿಕೊಳ್ಳುತ್ತದೆ, ಆಮೇಲೆ ಮೊದಲಿನ ದನಿ ಬರುವುದಿಲ್ಲ.

ಅಂಕೋಲಾ ಗ್ಯಾರೇಜ್

ಗಾಳಿಯವರು ಹೇಳಿದ್ದು ಸರಿ. ಒಂದು ಸೇರಿಸುತ್ತೇನೆ. 304 ಬಿಸಿಗೆ 409ಕ್ಕಿಂತ ಜಾಸ್ತಿ ಹಿಗ್ಗುತ್ತದೆ. ನಡುವೆ ಬಳುಕುವ ಜೋಡಣೆ ಇಲ್ಲದೆ ಬಿಗಿಯಾಗಿ ಕಟ್ಟಿದರೆ ವೆಲ್ಡಿಂಗ್ ಹತ್ತಿರ ಸೀಳುತ್ತದೆ. ಬೆಸೆಯುವಾಗ ಪೈಪಿನ ಒಳಗೂ ಆರ್ಗಾನ್ ಬಿಡಬೇಕು. ಬಿಡದಿದ್ದರೆ ಒಳಗೆ ಸುಟ್ಟ ಬೆಲ್ಲದ ಹಾಗೆ ಉಂಡೆ ಕಟ್ಟುತ್ತದೆ, ತುಕ್ಕು ಅಲ್ಲಿಂದಲೇ ಶುರು.

ಎರಡನೇ ಮಹಡಿ ವಕೀಲ (ಶಿರಸಿ)

ಗಾಡಿ ಬದಲಿಸುವ ಕಾನೂನಿನ ಮಾತು ಯಾರೂ ಎತ್ತಲಿಲ್ಲ. ಭಯ ಹುಟ್ಟಿಸಲು ಅಲ್ಲ, ಗೊತ್ತಿರಲಿ ಅಂತ ಬರೆಯುತ್ತೇನೆ.

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಕಲಂ ಬಂತು. ಅನುಮತಿ ಇಲ್ಲದ ಬದಲಾವಣೆಗೆ ಮಾಲೀಕನಿಗೆ ಒಂದೊಂದಕ್ಕೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಸದ್ದು ಮತ್ತು ಹೊಗೆಯ ಮಟ್ಟ ಮೀರಿದ ಗಾಡಿ ಓಡಿಸಿದರೆ 190ನೇ ಕಲಂ. ಮೊದಲ ಸಲಕ್ಕೇ 10,000ದವರೆಗೆ ದಂಡ ಬೀಳಬಹುದು, ಮೂರು ತಿಂಗಳವರೆಗೆ ಜೈಲೂ ಇದೆ. ಲೈಸೆನ್ಸ್ ಮೂರು ತಿಂಗಳು ಹೋಗುತ್ತದೆ. ಕೇಂದ್ರ ನಿಯಮ 120ರಲ್ಲಿ ಪ್ರತಿ ಗಾಡಿಗೂ ಸೈಲೆನ್ಸರ್ ಇರಲೇಬೇಕು ಅಂತ ಇದೆ. ಹಾಗಾಗಿ ಮೂರನೆಯವರು ಹೇಳಿದ ನೇರ ಪೈಪಿಗೆ ವಾದ ಮಾಡಲು ನನಗೂ ಜಾಗ ಇಲ್ಲ.

ಅಪಘಾತ ಆದಾಗ ವಿಮೆಯವರು ತಿಳಿಸದ ಬದಲಾವಣೆಯನ್ನೇ ಹಿಡಿದು ಕೂರುತ್ತಾರೆ. ದಂಡಕ್ಕಿಂತ ಅದು ಜಾಸ್ತಿ ನೋಯಿಸುತ್ತದೆ. ಕ್ಯಾಟ್ ತೆಗೆಯುವುದಂತೂ ಬೇಡವೇ ಬೇಡ ಅಂತ ನನ್ನ ಅಭಿಪ್ರಾಯ. ಕಾನೂನು ಬದಿಗಿಟ್ಟರೂ, ಹಿಂದೆ ಸ್ಕೂಟರಿನಲ್ಲಿ ಬರುವವರು ಆ ಹೊಗೆ ಕುಡಿಯಬೇಕು ಅಲ್ವಾ?

ಹೊಸ ಸದಸ್ಯ, ಯಲ್ಲಾಪುರ

ಗೇರ್ ಇಳಿಸುವಾಗ ಪಟಪಟ ಅಂತ ಸಿಡಿಯುವ ಸದ್ದು ಬರುತ್ತದಲ್ಲ, ಅದನ್ನೂ ರೀಮ್ಯಾಪಿನಲ್ಲಿ ಮಾಡಿಕೊಡುತ್ತಾರಂತೆ. ಅರಬೈಲ್ ಘಾಟಿ ಇಳಿಯುವಾಗ ಒಬ್ಬರದ್ದು ಕೇಳಿದೆ. ಚೆನ್ನಾಗಿತ್ತು.

ಅಂಕೋಲಾ ಗ್ಯಾರೇಜ್

ಕಾಲು ಎತ್ತಿದಾಗ ನಿಲ್ಲಬೇಕಾದ ಪೆಟ್ರೋಲನ್ನು ಬೇಕಂತಲೇ ಬಿಟ್ಟು, ಕಿಡಿಯನ್ನು ತಡವಾಗಿ ಕೊಡುತ್ತಾರೆ. ಸಿಲಿಂಡರಿನಲ್ಲಿ ಉರಿಯಬೇಕಾದದ್ದು ಪೈಪಿನಲ್ಲಿ ಉರಿಯುತ್ತದೆ. ಅದೇ ಸಿಡಿತ. ಪವರಿಗೂ ಇದಕ್ಕೂ ಏನೂ ಸಂಬಂಧ ಇಲ್ಲ. ಕ್ಯಾಟ್ ಇದ್ದರೆ ಅದರ ಜೇನುಗೂಡು ಕರಗುತ್ತದೆ. ಕರಗಿದ ಚೂರು ದಾರಿ ಕಟ್ಟಿದರೆ ಇದ್ದ ಪವರೂ ಹೋಗುತ್ತದೆ. ಇಂಥ ಎರಡು ಗಾಡಿ ನನ್ನ ಕೈಯಲ್ಲೇ ಬಿಚ್ಚಿದ್ದೇನೆ. ಮಾರ್ಚ್, ಏಪ್ರಿಲಿನಲ್ಲಿ ನಮ್ಮ ಘಾಟಿಗಳ ಬದಿಯಲ್ಲಿ ಮೊಣಕಾಲುದ್ದ ದರಕು (ತರಗೆಲೆ) ಬಿದ್ದಿರುತ್ತದೆ. ಅಲ್ಲಿ ಕಿಡಿ ಕಾರುವ ಪೈಪು ಬೇಡ. ಸಾದಾ ಗಾಡಿಯನ್ನೂ ಘಾಟಿ ಹತ್ತಿದ ಕೂಡಲೇ ಒಣ ದರಕಿನ ಮೇಲೆ ನಿಲ್ಲಿಸಬೇಡಿ. ಕ್ಯಾಟ್ ಬಿಸಿಗೇ ಬೆಂಕಿ ಹತ್ತುತ್ತದೆ.

ಬಿಣಗಾ 30

ಗ್ಯಾರೇಜ್ ಅಣ್ಣ ಡಬ್ಬಿ ತೆಗೆದರೆ ಪವರ್ ಬರುವುದಿಲ್ಲ ಅಂದಾಗ ನನಗೆ ಒಪ್ಪಿಗೆ ಆಗಲಿಲ್ಲ. ನನಗೆ ಅನುಭವಕ್ಕೆ ಬಂದಿತ್ತಲ್ಲ. ಹಾಗಾಗಿ ಅಳೆದು ನೋಡಿದೆ.

ಗೆಳೆಯನದ್ದೂ ಇದೇ ಗಾಡಿ, ಇದೇ ವರ್ಷದ್ದು, ಏನೂ ಮಾಡಿಸಿಲ್ಲ. ಭಾನುವಾರ ಬೆಳಿಗ್ಗೆ ಆರಕ್ಕೆ ಖಾಲಿ ರಸ್ತೆಗೆ ಹೋದೆವು. ಒಂದೇ ಬಂಕಿನ ಪೆಟ್ರೋಲ್, ಟೈರಿಗೆ ಒಂದೇ ಗಾಳಿ, ಎರಡಕ್ಕೂ ನಾನೇ ಡ್ರೈವರ್, ಪಕ್ಕದಲ್ಲಿ ಅವನು ಫೋನಿನ ಜಿಪಿಎಸ್ ಹಿಡಿದು. ಮೂರನೇ ಗೇರಿನಲ್ಲಿ 40ರಿಂದ 80. ಹೋಗುವಾಗ ಮೂರು ಸಲ, ಬರುವಾಗ ಮೂರು ಸಲ, ಗಾಳಿ ಮತ್ತು ಇಳಿಜಾರಿನ ವ್ಯತ್ಯಾಸ ಕಳೆಯಲಿ ಅಂತ. ಸರಾಸರಿ ತೆಗೆದರೆ ಎರಡು ಗಾಡಿಯ ನಡುವೆ ಒಂದು ಸೆಕೆಂಡಿನ ಹತ್ತನೇ ಒಂದು ಭಾಗವೂ ವ್ಯತ್ಯಾಸ ಇಲ್ಲ. ಒಂದೇ ಗಾಡಿಯ ಎರಡು ಓಟದ ನಡುವೆಯೇ ಅದಕ್ಕಿಂತ ಜಾಸ್ತಿ ಇತ್ತು.

ನನ್ನ ಗಾಡಿ ಓಡಿಸುವಾಗ ಮಾತ್ರ ಅದೇ ಜೋರು ಅನ್ನಿಸುತ್ತಿತ್ತು. ಅಳತೆ ಕೈಯಲ್ಲಿದ್ದರೂ ಕಿವಿ ಒಪ್ಪುತ್ತಿರಲಿಲ್ಲ. ಆರು ತಿಂಗಳಿನಿಂದ ನಾನು ಸದ್ದನ್ನೇ ಪಿಕಪ್ ಅಂದುಕೊಂಡಿದ್ದೆ.

ಮದ್ದಳೆ ಮನೆ

ಬಹಳ ಒಳ್ಳೆ ಕೆಲಸ ಮಾಡಿದೆ ತಮ್ಮಾ. ಒಂದೇ ಬೆಳಿಗ್ಗೆ ಎರಡೂ ಗಾಡಿ ಅಳೆದದ್ದು ಮುಖ್ಯ. ಮೇ ತಿಂಗಳ ಮಧ್ಯಾಹ್ನದ 36 ಡಿಗ್ರಿಗೂ ಡಿಸೆಂಬರ್ ಬೆಳಗಿನ 19 ಡಿಗ್ರಿಗೂ ಗಾಳಿಯ ಸಾಂದ್ರತೆಯಲ್ಲಿ ಶೇ 6ರ ಹತ್ತಿರ ವ್ಯತ್ಯಾಸ ಇರುತ್ತದೆ. ಸೆಕೆಯಲ್ಲಿ ಹಳೆ ಪೈಪು, ಚಳಿಯಲ್ಲಿ ಹೊಸ ಪೈಪು ಓಡಿಸಿದವರು "ಪವರ್ ಬಂತು" ಅನ್ನುತ್ತಾರೆ. ಅದು ಚಳಿಗಾಲ ಕೊಟ್ಟದ್ದು.

ದೇವಿಮನೆ ತಿರುವು

ಹದಿನೈದು ದಿನ ಆಯಿತು, ಬರೆಯಲು ಆಗಲಿಲ್ಲ. ಕೊನೆಗೂ ಅಂಕೋಲಾಕ್ಕೆ ಹೋಗಿ ಅಣ್ಣನ ಗ್ಯಾರೇಜಿನಲ್ಲಿ ಗಾಡಿ ಎತ್ತಿಸಿದೆ.

ರೆಸೊನೇಟರ್ ಇಲ್ಲ! ಅದು ಇರಬೇಕಾದ ಜಾಗದಲ್ಲಿ ಎರಡಡಿ ಸಾದಾ ಪೈಪು. ವೆಲ್ಡಿಂಗ್ ಸುತ್ತ ತುಕ್ಕು ಹಿಡಿದು ಪದರ ಪದರ ಎದ್ದಿತ್ತು. ಮಾರಿದವರು ಒಂದು ಮಾತೂ ಹೇಳಿರಲಿಲ್ಲ. ಮದ್ದಳೆ ಮನೆಯವರು ಬಗ್ಗಿ ನೋಡಿದ್ದೀರಾ ಅಂತ ಕೇಳಿದ್ದು ಅಷ್ಟು ಸರಿಯಾಗಿತ್ತು. ಅದಲ್ಲದೆ ಡೌನ್‌ಪೈಪಿನ ಜೋಡಣೆ ಹತ್ತಿರ ಸಣ್ಣ ಸೋರಿಕೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಟಿಕ್ ಟಿಕ್ ಅನ್ನುತ್ತಿದ್ದದ್ದು, ಬಿಸಿಯಾದ ಮೇಲೆ ನಿಲ್ಲುತ್ತಿದ್ದದ್ದು ಅದೇ. ನಾನು ಇಂಜೆಕ್ಟರ್ ಸದ್ದು ಅಂದುಕೊಂಡಿದ್ದೆ.

ನನ್ನ ಗಾಡಿಯದ್ದೇ ರೆಸೊನೇಟರ್ ತರಿಸಿದೆವು, ಬರಲು ಒಂಬತ್ತು ದಿನ ಆಯಿತು. ಬೆಸೆಯದೆ ಕ್ಲಾಂಪ್ ಹಾಕಿ ಕೂರಿಸಿದರು, ಮುಂದೆ ಬಿಚ್ಚಲು ಸುಲಭ ಅಂತ. ಗ್ಯಾಸ್ಕೆಟ್ ಹೊಸದು. ನೇತು ಹಾಕುವ ರಬ್ಬರ್‌ಗಳಲ್ಲಿ ಎರಡು ಹರಿದಿದ್ದವು, ಅವೂ ಹೊಸದು. ನಾನೂ ಮೊದಲು ಮತ್ತು ಆಮೇಲೆ 40ರಿಂದ 80 ಅಳೆದೆ. ಏನೂ ವ್ಯತ್ಯಾಸ ಇಲ್ಲ. ರೆಸೊನೇಟರ್ ಹಾಕಿದ್ದಕ್ಕೆ ಪವರ್ ಕಮ್ಮಿಯೂ ಆಗಲಿಲ್ಲ.

ಹೆದ್ದಾರಿಯ ಆ ಗುಂಯ್ ಪೂರ್ತಿ ಹೋಗಿದೆ. ಮೊನ್ನೆ ಕಾರವಾರಕ್ಕೆ ಹೋಗಿ ಬಂದೆವು. ಬರುವಾಗ ಅಂಕೋಲಾ ದಾಟುವಷ್ಟರಲ್ಲಿ ಮಗಳು ನಿದ್ದೆ ಮಾಡಿದ್ದಳು.

ಮಿರ್ಜಾನ್ ದಾಟಿ ಕತಗಾಲ ಕಡೆ ತಿರುಗಿ ದೇವಿಮನೆ ಹತ್ತುವಾಗ ಅವಳು ಏಳದ ಹಾಗೆ ನನ್ನ ಬದಿಯ ಕಿಟಕಿ ಮಾತ್ರ ಇಳಿಸಿದೆ. ಸದ್ದು ಕಮ್ಮಿ ಆಗಿರುತ್ತದೆ ಅಂತ ಸ್ವಲ್ಪ ಬೇಸರ ಇತ್ತು. ಕಮ್ಮಿ ಆಗಿರುವುದು ನಿಜ. ಆದರೆ ಮೊದಲು ಎಲ್ಲವನ್ನೂ ಮುಚ್ಚಿದ್ದ ಒಂದು ದಪ್ಪ ದನಿ ಈಗ ಇಲ್ಲ. 3,000 ಆದ ಮೇಲೆ ಟರ್ಬೊ ಗಾಳಿ ಎಳೆಯುವುದು ಕೇಳುತ್ತದೆ. 4,000 ದಾಟಿದರೆ ಇಂಜಿನ್ನಿನ ದನಿ ಮೆಟ್ಟಿಲು ಹತ್ತಿದ ಹಾಗೆ ಬಿಡಿಬಿಡಿಯಾಗಿ ಮೇಲೇರುತ್ತದೆ. ಇಷ್ಟು ದಿನ ಇದು ನನ್ನ ಗಾಡಿಯಲ್ಲೇ ಇತ್ತು, ನನಗೆ ಕೇಳುತ್ತಿರಲಿಲ್ಲ.

ಡೌನ್‌ಪೈಪ್, ಕ್ಯಾಟ್ ಮುಟ್ಟುವುದಿಲ್ಲ. ಮೂರು ಇಂಚಿನ ಪೈಪೂ ಬೇಡ. ಆ ದುಡ್ಡಿನಲ್ಲಿ ಟೈರು, ಬ್ರೇಕ್ ಪ್ಯಾಡ್ ಮತ್ತು ಡಿಎಸ್‌ಜಿ ಎಣ್ಣೆ ಬದಲಿಸುತ್ತೇನೆ. ಕುಮಟೆಯ ಅಕ್ಕಾ, ನಿಮ್ಮ ಆಸ್ಪತ್ರೆ ಯಾವುದು ಅಂತ ಗೊತ್ತಿಲ್ಲ, ಕುಮಟೆಗೆ ಬಂದಾಗಲೆಲ್ಲ ಊರು ದಾಟುವವರೆಗೂ ಮೆಲ್ಲವೇ ಹೋಗುತ್ತೇನೆ.

ಬಿಣಗಾ 30

ಗ್ಯಾರೇಜ್ ಅಣ್ಣಾ, ನನ್ನ ಕಂಪನಿ ಸೈಲೆನ್ಸರ್ ಬಿಸಾಡಿಲ್ಲ. ಅಟ್ಟದ ಮೇಲೆ ಗೋಣಿಯಲ್ಲಿ ಕಟ್ಟಿಟ್ಟಿದ್ದೇನೆ. ವಾಪಸ್ ಹಾಕಲು ಆಗುತ್ತದಾ?

ಅಂಕೋಲಾ ಗ್ಯಾರೇಜ್

ಆಗುತ್ತದೆ. ಶನಿವಾರ ಬೆಳಿಗ್ಗೆ ಬೇಗ ಬಾ, ಗಾಡಿ ತಣ್ಣಗಾಗಲು ಒಂದು ತಾಸು ಬೇಕು. ಕತ್ತರಿಸಿದ ತುದಿ ಎಷ್ಟು ಉಳಿದಿದೆ ಅಂತ ಇವತ್ತೇ ಅಳೆದು ಹೇಳು, ಎರಡು ತುದಿ ಸೇರಿಸಲು ಅದೇ ಅಳತೆಯ ತೋಳು ಪೈಪು ತರಿಸಿಡುತ್ತೇನೆ. ಅಟ್ಟದಿಂದ ಇಳಿಸುವಾಗ ಒಮ್ಮೆ ಅಲ್ಲಾಡಿಸಿ ನೋಡು. ಒಳಗೆ ಗಲಗಲ ಅಂದರೆ ಕೋಣೆಯ ತಗಡು ಬಿಟ್ಟಿದೆ ಅಂತ ಅರ್ಥ, ಆಗ ಬೇರೆಯದೇ ಹುಡುಕಬೇಕು.

ಬಿಣಗಾ 30

ಈಗಷ್ಟೇ ಇಳಿಸಿದೆ. ಗಲಗಲ ಇಲ್ಲ. ತುದಿ ಏಳು ಸೆಂಟಿಮೀಟರ್ ಉಳಿದಿದೆ.

ಅಂಕೋಲಾ ಗ್ಯಾರೇಜ್

ಸಾಕು. ಬಾ.